ಆಕಾಶವಾಣಿಯ ಡಿಜಿಟಲ್ ರೇಡಿಯೋ ಇದ್ದರೂ ಎಲ್ಲರೂ ಮೊಬೈಲ್‌ನಲ್ಲೇ ಕೇಳುವುದೇಕೆ? ಹೊಸ ಸೆಟ್ ಕೊಳ್ಳಬೇಕೇ?

ಮುಖ್ಯ ಕಾರಣ ಸೆಟ್. ಬೆಂಗಳೂರಿನ 612 ಮತ್ತು ಧಾರವಾಡದ 765 ಕಿಲೋಹರ್ಟ್ಸ್ ಕೇಂದ್ರಗಳಿಗೆ ಡಿಆರ್‌ಎಂ (ಡಿಜಿಟಲ್ ರೇಡಿಯೋ ಮಾಂಡಿಯಲ್ ಎಂಬ ಡಿಜಿಟಲ್ ಪ್ರಸಾರ ವಿಧಾನ) ಟ್ರಾನ್ಸ್‌ಮಿಟರ್ ಬಂದು ವರ್ಷಗಳಾದವು. ಆದರೆ ಡಿಆರ್‌ಎಂ ಹಿಡಿಯುವ ಸೆಟ್ ಬೀದಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವುದೇ ಅಪರೂಪ, ಸಿಕ್ಕರೂ ಸಾಮಾನ್ಯ ಎಫ್‌ಎಂ ಸೆಟ್‌ಗಿಂತ ಹಲವು ಪಟ್ಟು ದುಬಾರಿ. ಮೊಬೈಲ್ ಮಾತ್ರ ಆಗಲೇ ಜೇಬಿನಲ್ಲಿದೆ; ಆಕಾಶವಾಣಿ ಕೇಳಿಸುವ ನ್ಯೂಸ್‌ಆನ್‌ಏರ್ ಆ್ಯಪ್ ಹಾಕಿಕೊಂಡರೆ ಕೆಲಸ ಮುಗಿಯಿತು. 64 ಕೆಬಿಪಿಎಸ್ ಸ್ಟ್ರೀಮ್‌ಗೆ ಗಂಟೆಗೆ ಸುಮಾರು 29 ಎಂಬಿ ಡೇಟಾ ಸಾಕು.

ಸೆಟ್ ತಂದವರಿಗೂ ಒಂದು ತೊಡಕಿದೆ. ಹಳೆಯ ಮೀಡಿಯಂ ವೇವ್‌ನಲ್ಲಿ ಸಿಗ್ನಲ್ ಕುಗ್ಗಿದರೆ ಗೊರಗೊರ ಸದ್ದಿನ ನಡುವೆಯೂ ವಾರ್ತೆ ಕೇಳುತ್ತದೆ. ಡಿಆರ್‌ಎಂನಲ್ಲಿ ಹಾಗಲ್ಲ, ಒಂದು ಮಿತಿ ದಾಟಿದೊಡನೆ ಪೂರ್ತಿ ಮೌನ. ಕಾಂಕ್ರೀಟ್ ಗೋಡೆ, ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಇವೇ ಶತ್ರುಗಳು. ಚಾರ್ಜರ್ ಕಿತ್ತು, ಸೆಟ್ಟನ್ನು ಕಿಟಕಿಯ ಬಳಿ ಇಟ್ಟು ನಿಧಾನವಾಗಿ ತಿರುಗಿಸಿ. ಒಳಗಿನ ಫೆರೈಟ್ ರಾಡ್‌ಗೆ (ಸಿಗ್ನಲ್ ಹಿಡಿಯುವ ಆಂಟೆನಾ) ದಿಕ್ಕು ಮುಖ್ಯ. ಪ್ರತಿ ಸಲ ತಿರುಗಿಸಿದ ಮೇಲೆ ಕೆಲವು ಸೆಕೆಂಡು ಕಾಯಬೇಕು, ಸಿಗ್ನಲ್ ಕೂಡಲೇ ಲಾಕ್ ಆಗುವುದಿಲ್ಲ.

ಕೊಳ್ಳುವ ಮೊದಲು ನಿಮ್ಮ ಕಾರಿನ ರೇಡಿಯೋ ಮೆನು ನೋಡಿ. ಈಚಿನ ಹಲವು ಕಾರುಗಳಲ್ಲಿ ಡಿಆರ್‌ಎಂ ಕಂಪನಿಯಿಂದಲೇ ಬಂದಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಮನೆಯಲ್ಲಿ ವೈಫೈ ಇದ್ದವರಿಗೆ ಆ್ಯಪ್ ಸಾಕು. ನೆಟ್‌ವರ್ಕ್ ಸಿಗದ ಮಲೆನಾಡಿನ ಮನೆಗೆ ಮಾತ್ರ, ಮೊದಲು ಅಲ್ಲಿಯೇ ಪರೀಕ್ಷಿಸಿ, ಸೆಟ್ ಕೊಳ್ಳಿ. ಮಳೆಗಾಲದಲ್ಲಿ ಟವರ್ ಕೆಟ್ಟಾಗ ರೇಡಿಯೋವೇ ಗತಿ.