ಕಲ್ಲಿದ್ದಲು ಗಣಿ ಪ್ರದೇಶದ ನೆಲದಡಿಯ ಬೆಂಕಿ ಮತ್ತು ಕುಸಿತವನ್ನು ಉಪಗ್ರಹದಿಂದ ಅಧ್ಯಯನ ಮಾಡಬಹುದೇ?

ಝಾರ್ಖಂಡ್‌ನ ಗಣಿ ಪ್ರದೇಶ ಝರಿಯಾದಂತಹ ಕಡೆಯ ಕಲ್ಲಿದ್ದಲು ಬೆಂಕಿಯನ್ನೂ ನೆಲಕುಸಿತವನ್ನೂ ಉಚಿತ ಉಪಗ್ರಹ ದತ್ತಾಂಶದಿಂದಲೇ ಗುರುತಿಸಲು ಸಾಧ್ಯವೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಸಾಧ್ಯ. ಆದರೆ ಉಪಗ್ರಹಕ್ಕೆ ಕಾಣುವುದು ನೆಲದಡಿಯ ಬೆಂಕಿಯಲ್ಲ, ಅದರಿಂದ ಕಾದ ಮೇಲ್ಮೈ ಮಾತ್ರ ಎಂಬುದನ್ನು ಅಧ್ಯಯನದ ಉದ್ದಕ್ಕೂ ನೆನಪಿನಲ್ಲಿಡಬೇಕು.

ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ತಾಪ ಅಳೆಯುವ ಉಷ್ಣ ಸಂವೇದಕವನ್ನೇ ತೆಗೆದುಕೊಳ್ಳಿ. ಚಿತ್ರವನ್ನು 30 ಮೀಟರ್ ಪಿಕ್ಸೆಲ್‌ಗಳಲ್ಲಿ ಕೊಡುತ್ತಾರಾದರೂ ಅಳತೆ ನಡೆದಿರುವುದು 100 ಮೀಟರ್ ಚೌಕದ ನೆಲದ ಮೇಲೆ. ಆ ಚೌಕದೊಳಗೆ ಒಂದು ಮೀಟರ್ ಅಗಲದ, 50 ಮೀಟರ್ ಉದ್ದದ ಬಿರುಕೊಂದು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದೆ, ಉಳಿದ ನೆಲ 27 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಬಿರುಕು ಆವರಿಸಿರುವುದು ಅರ್ಧ ಶೇಕಡಾ ಜಾಗವನ್ನಷ್ಟೇ. ಲೆಕ್ಕ ಹಾಕಿದರೆ ಇಡೀ ಪಿಕ್ಸೆಲ್‌ನ ತಾಪ ಏರುವುದು ಎರಡು ಮೂರು ಡಿಗ್ರಿ ಮಾತ್ರ. ಹಗಲಿನ ಬಿಸಿಲಿಗೆ ಕಾದ ಕಪ್ಪು ಕಲ್ಲಿದ್ದಲು ರಾಶಿಯೊಂದು ಬೆಂಕಿಯ ಸೋಂಕೇ ಇಲ್ಲದೆ ಇದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗಿ ತೋರುತ್ತದೆ. ಆದ್ದರಿಂದ ಹಗಲಿನ ಒಂದೇ ಚಿತ್ರದಿಂದ ಬೆಂಕಿಯ ನಕ್ಷೆ ಬಿಡಿಸುವುದನ್ನು ನಾನು ಒಪ್ಪುವುದಿಲ್ಲ. ನಸುಕಿಗೆ ಮುಂಚಿನ ಚಿತ್ರಗಳನ್ನು ಹುಡುಕಿ. ಆಸ್ಟರ್ ಮತ್ತು ಇಕೋಸ್ಟ್ರೆಸ್ ಸಂವೇದಕಗಳು ರಾತ್ರಿಯಲ್ಲೂ ತಾಪವನ್ನು ಅಳೆದಿವೆ. ಇಷ್ಟು ಡಿಗ್ರಿ ದಾಟಿದರೆ ಬೆಂಕಿ ಎಂಬ ಸ್ಥಿರ ಮಿತಿಯನ್ನು ಹಾಕಿಕೊಳ್ಳುವ ಬದಲು, ಕಲ್ಲಿದ್ದಲಿಲ್ಲದ ಸುತ್ತಲಿನ ನೆಲಕ್ಕೆ ಹೋಲಿಸಿ, ಋತು ಬದಲಾದರೂ ಬಿಸಿಯಾಗಿಯೇ ಉಳಿಯುವ ಜಾಗಗಳನ್ನು ಮಾತ್ರ ಗುರುತು ಮಾಡಿಕೊಳ್ಳಿ.

ಕುಸಿತದ ಅಧ್ಯಯನಕ್ಕೆ ಯುರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಸೂಕ್ತ. ಎರಡು ದಿನಾಂಕಗಳ ಸಂಕೇತಗಳನ್ನು ಹೋಲಿಸಿದಾಗ ನಕ್ಷೆಯಲ್ಲಿ ಮೂಡುವ ಬಣ್ಣದ ಒಂದೊಂದು ಪೂರ್ಣ ಪಟ್ಟಿಯೂ ಉಪಗ್ರಹದ ದೃಷ್ಟಿರೇಖೆಯಲ್ಲಿ ನೆಲ ಸುಮಾರು 2.8 ಸೆಂಟಿಮೀಟರ್ ಸರಿದಿರುವುದನ್ನು ಹೇಳುತ್ತದೆ. ನಿಧಾನವಾಗಿ ಕುಗ್ಗುವ ನೆಲವನ್ನು ಇದು ಚೆನ್ನಾಗಿ ಹಿಡಿಯುತ್ತದೆ; ಆದರೆ ತೆರೆದ ಗಣಿಯಲ್ಲಿ ದಿನವೂ ಅಗೆತ ನಡೆಯುವ ಕಡೆ, ಗಿಡಗಂಟಿ ದಟ್ಟವಾಗಿರುವ ಕಡೆ, ಅಥವಾ ನೆಲ ಒಮ್ಮೆಲೇ ಕುಸಿದು ಬಿದ್ದ ಕಡೆ ಎರಡು ಸಂಕೇತಗಳ ನಡುವಿನ ಹೊಂದಾಣಿಕೆಯೇ ಕಳೆದುಹೋಗುತ್ತದೆ. ಅಂದರೆ ಅತಿ ಅಪಾಯದ ಜಾಗವೇ ನಕ್ಷೆಯಲ್ಲಿ ಖಾಲಿಯಾಗಿ ಕಾಣಬಹುದು. ಆ ಖಾಲಿ ಜಾಗಕ್ಕೆ ದಯವಿಟ್ಟು ಸುರಕ್ಷಿತ ಎಂಬ ಬಣ್ಣ ಬಳಿಯಬೇಡಿ. ಅಲ್ಲಿ ಜನವಸತಿ ಇರಬಹುದು. ಉದ್ದ ತರಂಗದ ರೇಡಾರ್ ಗಿಡಗಂಟಿಯ ಅಡ್ಡಿಯನ್ನು ಬಹಳಷ್ಟು ತಗ್ಗಿಸುತ್ತದೆ; 2025ರ ಜುಲೈನಲ್ಲಿ ಶ್ರೀಹರಿಕೋಟಾದಿಂದ ಹಾರಿದ, ನಾಸಾ ಮತ್ತು ಇಸ್ರೊ ಜಂಟಿಯಾಗಿ ರೂಪಿಸಿದ ನೈಸಾರ್ ಉಪಗ್ರಹದಲ್ಲಿ ಅಂತಹ ರೇಡಾರ್ ಇದೆ.

ಹಸಿರು ಹೊದಿಕೆಯ ನಷ್ಟ ಮತ್ತು ಗಣಿತ್ಯಾಜ್ಯದ ದಿಬ್ಬಗಳ ವಿಸ್ತರಣೆಗೆ ಸೆಂಟಿನೆಲ್-2 ಉಪಗ್ರಹದ, 10 ಮೀಟರ್ ಪಿಕ್ಸೆಲ್‌ನ ಚಿತ್ರಗಳು ಸಾಕು.

ಝರಿಯಾದ ಬೆಂಕಿ 1916ರಿಂದಲೇ ದಾಖಲಾಗಿರುವುದರಿಂದ ಹಳೆಯ ಗಣಿ ನಕ್ಷೆಗಳೂ ನಿಮಗೆ ನೆರವಾಗುತ್ತವೆ. ರಾತ್ರಿಯ ಬಿಸಿ, ರೇಡಾರ್ ತೋರಿದ ಕುಗ್ಗುವಿಕೆ, ಕೆಳಗೆ ಹಳೆಯ ಸುರಂಗ, ಈ ಮೂರೂ ಒಂದರ ಮೇಲೊಂದು ಬೀಳುವ ಜಾಗಗಳನ್ನು ಮೊದಲು ಪಟ್ಟಿ ಮಾಡಿ, ಸ್ಥಳೀಯ ಗಣಿ ಸುರಕ್ಷತಾ ಸಿಬ್ಬಂದಿಯೊಂದಿಗೆ ಹೋಗಿ ತಾಪಮಾಪಕದಿಂದ ಪರಿಶೀಲಿಸಿ. ಬಿರುಕು ಬಿಟ್ಟ ನೆಲದ ಮೇಲೆ ಒಬ್ಬರೇ ಕಾಲಿಡಬೇಡಿ.