ಬನವಾಸಿ ದಾರಿಯ ನಿಮ್ಮ ಲೇಖನದ ಬಗ್ಗೆ

ನಮಸ್ಕಾರ,

ನಿಮ್ಮ ಪ್ರವಾಸ ಲೇಖನವನ್ನು ಎರಡು ಸಲ ಓದಿದೆ. ಸೋದರಮಾವನ ಹಳೇ ಕಾರಿನಲ್ಲಿ ಶಿರಾಳಕೊಪ್ಪದಿಂದ ಹೊರಟು ಬಳ್ಳಿಗಾವಿ, ತಾಳಗುಂದ, ಬನವಾಸಿ, ಗುಡವಿ ಪಕ್ಷಿಧಾಮ ನೋಡಿಕೊಂಡು ನಾಲ್ಕನೇ ದಿನ ಕೆಳದಿ, ಇಕ್ಕೇರಿಯಲ್ಲಿ ಮುಗಿಸಿದ್ದೀರಿ. ದಾರಿ ತುಂಬಾ ಚೆನ್ನಾಗಿ ಆರಿಸಿಕೊಂಡಿದ್ದೀರಿ. ಆದರೆ ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಒಂದು ಸಾಲಿನಲ್ಲಿ ಬೇಡ ಅಂತ ಹೇಳಿ ಮುಗಿಸಬಹುದಿತ್ತು. ಇದರೊಳಗೆ ಒಂದು ಒಳ್ಳೆಯ ಬರಹ ಇದೆ, ಅದು ಹೊರಗೆ ಬರಬೇಕು ಅಂತ ಅನ್ನಿಸಿದ್ದರಿಂದ ಇಷ್ಟುದ್ದ ಬರೆಯುತ್ತಿದ್ದೇನೆ.

'ಪ್ರಶಾಂತ' ಅನ್ನುವ ಪದ ಹದಿನಾಲ್ಕು ಸಲ ಬಂದಿದೆ. ಎಣಿಸಿ ನೋಡಿದೆ. ಪ್ರಶಾಂತ ಕೆರೆ, ಪ್ರಶಾಂತ ಗುಡಿ, ಪ್ರಶಾಂತ ರಸ್ತೆ. ಓದುವವರ ಕಿವಿಗೆ ಇದರಿಂದ ಏನೂ ತಾಕುವುದಿಲ್ಲ. ಅದೇ ಬನವಾಸಿಯ ರಾತ್ರಿ ನೋಡಿ. ಊಟ ಮುಗಿಸಿ ಹೊರಗೆ ಬಂದರೆ ಲಾರಿಗೆ ಅನಾನಸ್ ತುಂಬುತ್ತಿದ್ದಾರೆ, ಕೆಳಗಿನವನು ಎಸೆಯುತ್ತಾನೆ, ಮೇಲಿನವನು ಹಿಡಿಯುತ್ತಾನೆ, ಯಾರೂ ಮಾತಾಡುತ್ತಿಲ್ಲ, ಹಣ್ಣು ಅಂಗೈಗೆ ಬಡಿಯುವ ಸದ್ದು ಮಾತ್ರ ಅಂತ ಬರೆದಿದ್ದೀರಲ್ಲ, ಆ ಐದು ಸಾಲಿನಲ್ಲಿ 'ಪ್ರಶಾಂತ' ಇಲ್ಲವೇ ಇಲ್ಲ. ಆ ಊರಿನ ರಾತ್ರಿ ಎಂಥದ್ದು ಅಂತ ನನಗೆ ಗೊತ್ತಾಗಿದ್ದು ಅಲ್ಲೇ. ಆ ಪ್ಯಾರಾದ ಒಂದು ಅಕ್ಷರವನ್ನೂ ಮುಟ್ಟಬೇಡಿ.

ತಾಳಗುಂದದಲ್ಲಿ ನಿಜವಾಗಿ ಬೇಜಾರಾಯಿತು. ಪ್ರಣವೇಶ್ವರ ಗುಡಿಯ ಮುಂದಿನ ಶಾಸನದ ಕಂಬದ ಬಗ್ಗೆ ಒಂದು ಪುಟ ಬರೆದಿದ್ದೀರಿ. ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು. ಇದನ್ನು ನಮ್ಮ ಓದುಗರು ಶಾಲೆಯಲ್ಲೇ ಕೇಳಿದ್ದಾರೆ, ಅಲ್ವಾ? ಆದರೆ ಆ ಶಾಸನ ಬರೆಸಿದ್ದು ಯಾಕೆ? ಒಂದು ಕೆರೆಗಾಗಿ! ಕದಂಬರ ದೊರೆ ಕಾಕುಸ್ಥವರ್ಮ ಅಲ್ಲಿನ ಶಿವನ ಗುಡಿಯ ಹತ್ತಿರ ಕೆರೆ ಮಾಡಿಸಿದ್ದ. ಅವನ ಮಗ ಶಾಂತಿವರ್ಮನ ಕಾಲಕ್ಕೆ, ಅಂದರೆ 5ನೇ ಶತಮಾನದಲ್ಲಿ, ಕುಬ್ಜ ಎಂಬ ಕವಿ ಅದನ್ನು ಸಂಸ್ಕೃತ ಪದ್ಯಗಳಲ್ಲಿ ಹೇಳಿ ತಾನೇ ಕಲ್ಲಿನ ಮೇಲೆ ಬರೆದ. ಕದಂಬರ ವಂಶದ ಕತೆಯೆಲ್ಲ ನಮಗೆ ಉಳಿದು ಬಂದದ್ದು ಆ ಕೆರೆಯ ನೆಪದಲ್ಲಿ. ನೀವೋ, 'ಕೆರೆ ಏರಿ ಮೇಲೆ ಕಾರು ನಿಲ್ಲಿಸಿ ನೀರು ಕುಡಿದು ಹೊರಟೆವು' ಅಂತ ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಆ ಏರಿ ಮೇಲೆ ಕೂತು ಬರೆಯಿರಿ. ನೀರು ಎಷ್ಟಿತ್ತು, ಯಾರು ಎಮ್ಮೆ ತೊಳೆಯುತ್ತಿದ್ದರು, ಈಗ ಆ ನೀರು ಯಾವ ಗದ್ದೆಗೆ ಹೋಗುತ್ತದೆ. ಇತಿಹಾಸ ಅಲ್ಲಿಂದ ತಾನಾಗಿ ಒಳಗೆ ಬರುತ್ತದೆ, ಬೋರ್ಡು ನೋಡಿ ಬರೆದುಕೊಳ್ಳಬೇಕಾಗಿಲ್ಲ.

ಬಳ್ಳಿಗಾವಿಯಲ್ಲಿ ಒಂದು ತಪ್ಪಿದೆ. ಕೇದಾರೇಶ್ವರ ಗುಡಿಯನ್ನು ಹೊಯ್ಸಳರು ಕಟ್ಟಿಸಿದರು ಅಂತ ಬರೆದಿದ್ದೀರಿ. ಶಿಖರದ ಮುಂದೆ ಹೊಯ್ಸಳರ ಲಾಂಛನ ಇರುವುದರಿಂದ ಹಾಗೆ ಅನ್ನಿಸಿರಬೇಕು. ಮೂರು ಗರ್ಭಗುಡಿಯ ಆ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, ಲಾಂಛನ ಆಮೇಲೆ ಸೇರಿದ್ದು. ತಿದ್ದಿ.

ಗುಡವಿಯದ್ದು ಇದಕ್ಕಿಂತ ದೊಡ್ಡ ತಪ್ಪು, ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನೀವು ಹೋದದ್ದು ಮಾರ್ಚ್ ಕೊನೆಗೆ. ಕೆರೆ ಅರ್ಧ ಒಣಗಿ ಅಂಚಿನ ಮಣ್ಣು ಬಿರುಕು ಬಿಟ್ಟಿತ್ತು ಅಂತ ನೀವೇ ಬರೆದಿದ್ದೀರಿ. ಮುಂದಿನ ಸಾಲಿನಲ್ಲೇ ಸಾವಿರಾರು ಬಿಳಿ ಕೆಂಬರಲು ಹಕ್ಕಿಗಳು (ಐಬಿಸ್) ಮರಗಳ ಮೇಲೆ ಗೂಡು ಕಟ್ಟುತ್ತಿವೆ! ಅವು ಅಲ್ಲಿ ಗೂಡು ಕಟ್ಟುವುದು ಜೂನ್‌ನಲ್ಲಿ ಮಳೆ ಶುರುವಾದ ಮೇಲೆ. ನೋಡದ ಹಕ್ಕಿಯನ್ನು ನೋಡಿದೆ ಅಂತ ಬರೆದರೆ, ನೀವು ಕಣ್ಣಾರೆ ಕಂಡ ಆ ಲಾರಿಯನ್ನೂ ಓದುಗ ನಂಬುವುದಿಲ್ಲ. ನನಗೆ ಇದಕ್ಕಿಂತ ಜಾಸ್ತಿ ನೋವಾಗುವ ವಿಷಯ ಈ ಕೆಲಸದಲ್ಲಿ ಇನ್ನೊಂದಿಲ್ಲ. ಖಾಲಿ ಕೆರೆಯನ್ನೇ ಬರೆಯಿರಿ. ಒಣಗಿದ ಕೆರೆಯ ಮುಂದೆ ಇಬ್ಬರು ನಿಂತು ಏನು ಮಾಡಿದಿರಿ ಅಂತ ನನಗೆ ಓದಬೇಕು.

ಇಬ್ಬರು ಅಂದೆ. ನಿಮ್ಮ ಮಾವ ಎಲ್ಲಿ ಹೋದರು? ಮೊದಲ ಪ್ಯಾರಾದಲ್ಲಿ 'ಮಾವ ಮಾತು ಕಡಿಮೆ' ಅಂತ ಪರಿಚಯ ಮಾಡಿಸಿ ಬಿಟ್ಟವರು, ಮತ್ತೆ ಸಿಗುವುದು ಇಕ್ಕೇರಿಯಲ್ಲಿ. ಅಘೋರೇಶ್ವರ ಗುಡಿಯ ನೆಲದ ಮೇಲೆ ಅಡ್ಡಬಿದ್ದು ನಮಸ್ಕರಿಸುವ ಕೆಳದಿ ನಾಯಕರ ಚಿತ್ರಗಳಿವೆಯಲ್ಲ, ಅವನ್ನು ತುಳಿಯದೆ ಮಾವ ಗೋಡೆ ಬದಿಗೆ ಬಳಸಿ ಹೋದರು ಅಂತ ಒಂದೇ ಒಂದು ಸಾಲು. ಎಷ್ಟು ಒಳ್ಳೆಯ ಸಾಲು ಅದು! ನಾಲ್ಕು ದಿನ ಪಕ್ಕದಲ್ಲೇ ಕೂತು ಕಾರು ಓಡಿಸಿದ ಮನುಷ್ಯ ಅವರು. ಚಹಾಕ್ಕೆ ಎಲ್ಲಿ ನಿಲ್ಲಿಸುತ್ತಿದ್ದರು, ಯಾವ ತಿರುವಿನಲ್ಲಿ ನಿಧಾನ ಮಾಡುತ್ತಿದ್ದರು, ನೀವು ಏನಾದರೂ ಕೇಳಿದರೆ ಎಷ್ಟು ಹೊತ್ತಿಗೆ ಉತ್ತರ ಬರುತ್ತಿತ್ತು? ಹದಿನಾಲ್ಕು ಸಲ ಹೇಳಿದ ಆ ಪ್ರಶಾಂತ ಅವರ ಪಕ್ಕದ ಸೀಟಿನಲ್ಲೇ ಇತ್ತು ಅಂತ ನನ್ನ ಅನಿಸಿಕೆ.

ಊಟದ ಬಿಲ್ಲು, ಕಿಲೋಮೀಟರ್ ಲೆಕ್ಕ, ರೂಮಿನ ಬಾಡಿಗೆ ಎಲ್ಲ ತೆಗೆಯಿರಿ. 1,200 ಪದ ಸಾಕು. ಅವಸರ ಇಲ್ಲ. ಬರೆಯುವ ಮೊದಲು ಮಾವನಿಗೆ ಒಂದು ಫೋನ್ ಮಾಡಿ, ಆ ನಾಲ್ಕು ದಿನದಲ್ಲಿ ಅವರಿಗೆ ಏನು ನೆನಪಿದೆ ಅಂತ ಕೇಳಿ. ಉತ್ತರ ಬರುವವರೆಗೆ ಕಾಯಿರಿ.