ಪತ್ರಿಕೋದ್ಯಮದಲ್ಲಿ ಬಿ.ಎ. ಮಾಡಲು ಮಂಗಳೂರು, ಮಣಿಪಾಲ, ಬೆಂಗಳೂರು: ಯಾವ ವಿಶ್ವವಿದ್ಯಾಲಯ ಒಳ್ಳೆಯದು?

ಪಿಯುಸಿ ಮುಗಿಸಿ, ಕುಂದಾಪುರದಲ್ಲಿ ಕುಳಿತು, ಮೂರು ಊರುಗಳ ಪ್ರಾಸ್ಪೆಕ್ಟಸ್‌ಗಳನ್ನು ಮುಂದಿಟ್ಟುಕೊಂಡು ಎಲ್ಲಿಯ ಸ್ಟುಡಿಯೊ ಚೆನ್ನಾಗಿದೆ ಎಂದು ನೀವು ಕೇಳಿದ್ದೀರಿ. ನಾನೂ ಸ್ಟುಡಿಯೊ ನೋಡಿಯೇ ಕಾಲೇಜು ಆರಿಸಿದವಳು.

ಆಗ ನನ್ನ ಮುಂದೆ ಎರಡು ಕಾಲೇಜುಗಳಿದ್ದವು. ಒಂದರಲ್ಲಿ ಹವಾನಿಯಂತ್ರಿತ ಸ್ಟುಡಿಯೊ, ಹಸಿರು ಪರದೆ, ಟೆಲಿಪ್ರಾಂಪ್ಟರ್ ಎಲ್ಲವೂ ಇದ್ದವು. ಪತ್ರಿಕೋದ್ಯಮದ ಜೊತೆಗೆ ಮನಃಶಾಸ್ತ್ರ ಮತ್ತು ಐಚ್ಛಿಕ ಇಂಗ್ಲಿಷ್ ಓದಬೇಕಿತ್ತು. ಇನ್ನೊಂದರಲ್ಲಿ ಒಂದು ಭಿತ್ತಿಪತ್ರಿಕೆ ಮತ್ತು ಹಳೆಯ ಕಂಪ್ಯೂಟರುಗಳ ಒಂದು ಕೋಣೆ ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೆ ಅಲ್ಲಿ ಪತ್ರಿಕೋದ್ಯಮದ ಜೊತೆಗೆ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರವಿದ್ದವು. ಲೆಕ್ಕವೆಂದರೆ ಹೆದರುತ್ತಿದ್ದ ನಾನು ಮೊದಲನೆಯದಕ್ಕೆ ಸೇರಿದೆ. ಮೂರು ವರ್ಷಗಳಲ್ಲಿ ಕ್ಯಾಮೆರಾದ ಮುಂದೆ ತಡವರಿಸದೆ ಮಾತನಾಡಲು ಕಲಿತೆ ಎಂಬುದು ನಿಜ.

ಪದವಿಯ ನಂತರ ಒಂದು ಕನ್ನಡ ದಿನಪತ್ರಿಕೆಯಲ್ಲಿ ಟ್ರೈನಿಯಾಗಿ ಸೇರಿದ ಕೆಲವೇ ತಿಂಗಳಲ್ಲಿ ನನ್ನನ್ನು ಒಂದು ಸ್ಥಳೀಯ ಸಂಸ್ಥೆಯ ಬಜೆಟ್ ಸಭೆಗೆ ಕಳುಹಿಸಿದರು. ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಿಮಗೆ ಬೇಸರವಾದರೂ ಓದಿ. ಇಂಥ ಬಜೆಟ್ ಪುಸ್ತಿಕೆಯ ಮೊದಲ ಪುಟಗಳಲ್ಲಿ ಆರಂಭಿಕ ಶಿಲ್ಕು (ಹಿಂದಿನ ವರ್ಷದಿಂದ ಉಳಿದು ಬಂದ ಹಣ), ವರ್ಷದಲ್ಲಿ ನಿರೀಕ್ಷಿಸಿರುವ ಸ್ವೀಕೃತಿ, ಪಾವತಿ ಮತ್ತು ಅಂತಿಮ ಶಿಲ್ಕು ಎಂಬ ಸಾಲುಗಳಿರುತ್ತವೆ. ಸ್ವೀಕೃತಿಯಲ್ಲಿ ಆಸ್ತಿ ತೆರಿಗೆ ಮತ್ತು ನೀರಿನ ಶುಲ್ಕ ಸಂಸ್ಥೆಯ ಸ್ವಂತ ಆದಾಯ. ಆದರೆ ಆಸ್ತಿ ತೆರಿಗೆಯ ಜೊತೆಯಲ್ಲೇ ವಸೂಲಾಗುವ ಗ್ರಂಥಾಲಯ ಕರ, ಭಿಕ್ಷುಕರ ಕರ ಮುಂತಾದವುಗಳನ್ನು ಆಯಾ ಇಲಾಖೆಗಳಿಗೆ ಕಟ್ಟಬೇಕಾಗುತ್ತದೆ. ಅಧ್ಯಕ್ಷರು ‘ಉಳಿತಾಯ ಬಜೆಟ್’ ಎಂದು ಘೋಷಿಸಿದರು. ನಾನು ಆರಂಭಿಕ ಶಿಲ್ಕು, ಸ್ವೀಕೃತಿ, ಆ ಕರಗಳು ಎಲ್ಲವನ್ನೂ ಒಟ್ಟು ಸೇರಿಸಿ, ಸಂಸ್ಥೆಯ ಆದಾಯ ಭಾರಿ ಏರಿಕೆ ಕಂಡಿದೆ ಎಂದು ಬರೆದೆ. ಆ ರಾತ್ರಿ ಡೆಸ್ಕಿನಲ್ಲಿ ಒತ್ತಡವಿತ್ತು. ವರದಿ ಹಾಗೆಯೇ ಪುಟಕ್ಕೆ ಹೋಯಿತು, ನನ್ನ ಹೆಸರಿನ ಬೈಲೈನ್ ಸಹಿತ.

ಮರುದಿನ ವಿರೋಧ ಪಕ್ಷದ ಸದಸ್ಯರೊಬ್ಬರು ಕಚೇರಿಗೆ ಫೋನ್ ಮಾಡಿ, ಆರಂಭಿಕ ಶಿಲ್ಕು ಅಷ್ಟು ದೊಡ್ಡದಾಗಿರುವುದು ಹಿಂದಿನ ವರ್ಷ ಬಂದ ಅನುದಾನವನ್ನು ಖರ್ಚು ಮಾಡದ ಕಾರಣದಿಂದ ಎಂದು ವಿವರಿಸಿದರು. ಚರಂಡಿಗೂ ರಸ್ತೆಗೂ ಬಂದ ಹಣ ಬ್ಯಾಂಕಿನಲ್ಲಿ ಉಳಿದಿದೆ ಎಂಬುದು ಆ ದಿನದ ಸುದ್ದಿಯಾಗಿತ್ತು. ನಾನು ಅದನ್ನು ಸಾಧನೆಯೆಂದು ಬರೆದಿದ್ದೆ. ಬ್ಯಾಂಕಿಗಾಗಿ ಪಿಗ್ಮಿ, ಅಂದರೆ ಜನರ ದಿನದಿನದ ಸಣ್ಣ ಉಳಿತಾಯ, ಸಂಗ್ರಹಿಸುತ್ತಿದ್ದ ನನ್ನ ಅಪ್ಪ ಮನೆಯಲ್ಲಿ ಪತ್ರಿಕೆ ಓದಿ, ‘ನಿನ್ನೆಯ ದುಡ್ಡನ್ನು ಇವತ್ತಿನ ಕಲೆಕ್ಷನ್ ಅಂತ ಬರೆದರೆ ಬ್ಯಾಂಕಿನವರು ಬಿಡ್ತಾರಾ ಮಾರಾಯ್ತಿ?’ ಎಂದು ಕೇಳಿದರು. ಪತ್ರಿಕೆ ತಿದ್ದುಪಡಿ ಪ್ರಕಟಿಸಿತು. ನನ್ನನ್ನು ವರದಿಗಾರಿಕೆಯಿಂದ ಪುರವಣಿ ವಿಭಾಗಕ್ಕೆ ವರ್ಗಾಯಿಸಿದರು, ವರದಿ ಮಾಡಲು ನನ್ನದೇ ಕ್ಷೇತ್ರ, ಅಂದರೆ ಬೀಟ್, ಮತ್ತೆ ಸಿಗಲಿಲ್ಲ. ಇಂದಿಗೂ ನಾನು ಇತರರ ವರದಿಗಳನ್ನು ತಿದ್ದುವ ಕೆಲಸದಲ್ಲಿದ್ದೇನೆ. ಅವಸರವೇ ಕಾರಣ ಎಂದು ಆಗ ಎಲ್ಲರೂ ಸಮಾಧಾನ ಹೇಳಿದರು, ಆದರೆ ಇಡೀ ದಿನ ಕೊಟ್ಟಿದ್ದರೂ ನಾನು ಅದನ್ನೇ ಬರೆಯುತ್ತಿದ್ದೆ, ಏಕೆಂದರೆ ಆ ಪುಟವನ್ನು ಓದುವ ವಿದ್ಯೆ ನನ್ನಲ್ಲಿರಲಿಲ್ಲ.

ಆದ್ದರಿಂದ ‘ಯಾವ ವಿಶ್ವವಿದ್ಯಾಲಯ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿರುವ, ಸ್ವಾಯತ್ತತೆ ಪಡೆಯದ ಕಾಲೇಜುಗಳೆಲ್ಲದರ ಪಠ್ಯಕ್ರಮವೂ ಪರೀಕ್ಷೆಯೂ ಒಂದೇ. ಅವುಗಳಲ್ಲಿ ವ್ಯತ್ಯಾಸವಿರುವುದು ಅಧ್ಯಾಪಕರಲ್ಲಿ ಮತ್ತು ಕಾಂಬಿನೇಷನ್‌ನಲ್ಲಿ, ಅಂದರೆ ಜೊತೆಗೆ ಓದುವ ವಿಷಯಗಳಲ್ಲಿ. 2024-25ರಿಂದ ರಾಜ್ಯದಲ್ಲಿ ಮೂರು ವಿಷಯಗಳನ್ನು ಓದುವ ಮೂರು ವರ್ಷಗಳ ಪದವಿ ಮರಳಿ ಬಂದಿರುವುದರಿಂದ, ಪತ್ರಿಕೋದ್ಯಮದ ಪಕ್ಕದಲ್ಲಿ ಏನನ್ನು ಓದುತ್ತೀರಿ ಎಂಬುದಕ್ಕೆ ಮೊದಲಿನಷ್ಟೇ ಮಹತ್ವವಿದೆ. ವಕೀಲರಾಗಲು ಕಾನೂನು ಪದವಿ ಕಡ್ಡಾಯ, ಪತ್ರಕರ್ತರಾಗಲು ನಮ್ಮ ದೇಶದಲ್ಲಿ ಯಾವ ಪದವಿಯೂ ಕಾನೂನಿನಂತೆ ಕಡ್ಡಾಯವಲ್ಲ. ದೆಹಲಿಯ ಐಐಎಂಸಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮಾಸ್ ಕಮ್ಯುನಿಕೇಷನ್), ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ ಮುಂತಾದವು ಪದವಿಯ ನಂತರದ ಕೋರ್ಸುಗಳಿಗೆ ಬೇರೆ ಬೇರೆ ವಿಷಯ ಓದಿದವರನ್ನೂ ಸೇರಿಸಿಕೊಳ್ಳುತ್ತವೆ. ಹೀಗಿರುವಾಗ ನಿಮ್ಮ ಊರಿನ ಕಾಲೇಜಿನಲ್ಲಿ ಪತ್ರಿಕೋದ್ಯಮವಿಲ್ಲದೆ ಅರ್ಥಶಾಸ್ತ್ರ ಮಾತ್ರ ಸಿಕ್ಕರೂ ನಾನು ಅದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಮಣಿಪಾಲದ ಕೋರ್ಸ್ ಸಿನಿಮಾ, ಜಾಹೀರಾತು, ಇಂಗ್ಲಿಷ್ ಮಾಧ್ಯಮಗಳತ್ತ ಹೋಗುವವರಿಗೆ ಹೊಂದುತ್ತದೆ, ಶುಲ್ಕ ಲಕ್ಷಗಳಲ್ಲಿದೆ. ಮಂಗಳೂರಿನ ಸೇಂಟ್ ಅಲೋಶಿಯಸ್ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅಲ್ಲಿಯ ರೇಡಿಯೊ ಸಾರಂಗ್ 107.8 ಎಂಬ ಸಮುದಾಯ ಬಾನುಲಿ ಕೇಂದ್ರ ನನಗೆ ಯಾವ ಹಸಿರು ಪರದೆಗಿಂತಲೂ ಹೆಚ್ಚು ಉಪಯುಕ್ತವಾಗಿ ಕಾಣುತ್ತದೆ, ಏಕೆಂದರೆ ಅದಕ್ಕೆ ಹೊರಗಿನ ಕೇಳುಗರಿದ್ದಾರೆ. ಬೆಂಗಳೂರಿಗೆ ಈಗಲೇ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಉದಯವಾಣಿ 1970ರಲ್ಲಿ ಮಣಿಪಾಲದಲ್ಲೇ ಆರಂಭವಾದ ಪತ್ರಿಕೆ, ವಾರ್ತಾಭಾರತಿ ಮಂಗಳೂರಿನದು, ರಾಜ್ಯಮಟ್ಟದ ಪತ್ರಿಕೆಗಳಿಗೂ ಮಂಗಳೂರಿನಲ್ಲಿ ಕಚೇರಿಗಳಿವೆ. ಇಲ್ಲಿ ವಿದ್ಯಾರ್ಥಿಯೊಬ್ಬರು ಗ್ರಾಮಸಭೆಯ ವರದಿ ಬರೆದುಕೊಂಡು ಹೋದರೆ ಅದನ್ನು ಓದಿ ತಿದ್ದಿಕೊಡುವ ಉಪಸಂಪಾದಕರು ಇನ್ನೂ ಸಿಗುತ್ತಾರೆ. ಜೊತೆಗೆ, ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ ನಮ್ಮ ಕಡೆಯವರ ಬರಹದ ಕನ್ನಡ ಪಳಗುವುದು ಹೀಗೆ ತಿದ್ದಿಸಿಕೊಂಡಾಗಲೇ. ನಿಮ್ಮ ಕುಂದಗನ್ನಡಕ್ಕೂ ಈ ಮಾತು ಅನ್ವಯಿಸುತ್ತದೆ.

ಸಾಲ ಮಾಡಿಯಾದರೂ ಓದಿಸಲು ನಿಮ್ಮ ತಂದೆಯವರು ಸಿದ್ಧರಿದ್ದಾರೆಂದು ಬರೆದಿದ್ದೀರಿ. ಕನ್ನಡ ಪತ್ರಿಕೆಗಳ ಟ್ರೈನಿ ಸಂಬಳದಲ್ಲಿ ಶಿಕ್ಷಣ ಸಾಲದ ಕಂತು ಕಟ್ಟುವುದು ಬಹಳ ಕಷ್ಟ. ನನ್ನ ತರಗತಿಯಲ್ಲಿ ಸಾಲ ಮಾಡಿ ಓದಿದವರು ಒಬ್ಬೊಬ್ಬರಾಗಿ ಕಂಪನಿಗಳ ಪ್ರಚಾರ ವಿಭಾಗಗಳಿಗೆ ಸೇರಿಕೊಂಡರು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಅವರು ಬಯಸಿದ್ದು ಮಾತ್ರ ಅದಾಗಿರಲಿಲ್ಲ.

ಕಾಲೇಜಿಗೆ ಹೋದಾಗ ಸ್ಟುಡಿಯೊ ತೋರಿಸಲು ಬಿಡಿ, ಅದು ಅವರಿಗೆ ಸಂತೋಷ. ಆಮೇಲೆ ವಿದ್ಯಾರ್ಥಿಗಳು ಹೊರತಂದ ಪ್ರಾಯೋಗಿಕ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಕೇಳಿ. ಅದರ ತುಂಬ ‘ದೀಪ ಬೆಳಗಿಸಿ ಉದ್ಘಾಟಿಸಿದರು’ ಎಂಬ ಕಾಲೇಜು ಕಾರ್ಯಕ್ರಮಗಳ ವರದಿಗಳೇ ಇದ್ದರೆ, ಆ ವಿಭಾಗದವರು ವಿದ್ಯಾರ್ಥಿಗಳನ್ನು ಗೇಟಿನ ಹೊರಗೆ ಕಳುಹಿಸುವುದಿಲ್ಲವೆಂದು ತಿಳಿಯಿರಿ. ಮೀನುಗಾರಿಕಾ ಬಂದರು, ಕೋರ್ಟು, ಪಂಚಾಯಿತಿ, ಜಿಲ್ಲಾಸ್ಪತ್ರೆ ಇವುಗಳಲ್ಲಿ ಒಂದೆರಡಾದರೂ ಅದರಲ್ಲಿ ಕಾಣಿಸಬೇಕು. ಕೊನೆಯದಾಗಿ, ಅರ್ಥಶಾಸ್ತ್ರವಿರುವ ಕಾಂಬಿನೇಷನ್ ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗಿದ್ದರೂ, ಸೇರುವವರು ಕಡಿಮೆಯಾದ ವರ್ಷ ಅದನ್ನು ನಡೆಸದೆ ಬೇರೆ ಕಾಂಬಿನೇಷನ್‌ಗೆ ಸೇರಿಸಿಬಿಡುವುದುಂಟು. ಈ ವರ್ಷ ಆ ತರಗತಿ ನಡೆಯುತ್ತದೆಯೇ ಎಂದು ಪ್ರಾಂಶುಪಾಲರನ್ನೇ ಕೇಳಿ ಖಚಿತಪಡಿಸಿಕೊಂಡ ಮೇಲೆ ಶುಲ್ಕ ಕಟ್ಟಿ.